ಕರೆಯೋಲೆ ಅಂತ ಬಂದ ಫೈಲ್

ಪ್ರಶ್ನೆ: ಮೇಡಂ, ನನ್ನ ಅಪ್ಪ ನಿವೃತ್ತ ಮೇಷ್ಟ್ರು. ಹೋದ ವಾರ ಪರಿಚಯದವರ ನಂಬರಿನಿಂದ ವಾಟ್ಸಾಪ್‌ಗೆ 'ಮದುವೆ ಕರೆಯೋಲೆ' ಅಂತ ಒಂದು ಫೈಲ್ ಬಂತು. ಅಪ್ಪ ಒತ್ತಿದರು. ಇನ್‌ಸ್ಟಾಲ್ ಮಾಡಲಾ ಅಂತ ಕೇಳಿದ್ದಕ್ಕೂ ಸರಿ ಅಂದರು. ಏನೂ ತೆರೆಯಲಿಲ್ಲವಂತೆ. ಆಮೇಲೆ ಅಪ್ಪನ ನಂಬರಿನಿಂದಲೇ ನೆಂಟರಿಗೆಲ್ಲ ಅದೇ ಫೈಲ್ ಹೋಗಿದೆ. ದುಡ್ಡು ಹೋಗಿಲ್ಲ. ನನಗೆ ಹೇಳಿದ್ದು ನಿನ್ನೆ. ಈ ಫೋನ್ ತೆಗೆದುಕೊಂಡು ಕೀಪ್ಯಾಡ್ ಫೋನ್ ಕೊಟ್ಟುಬಿಡಲಾ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಿ ಹೇಳಿದ್ದನ್ನೇ ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆ ಬರುವ ತನಕ ಕಾಯುವಂಥ ವಿಷಯ ಇದಲ್ಲ.

ಇಂಥ ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ (.apk) ಎಂದಿರುತ್ತದೆ. ಅದು ಫೋಟೋ ಅಲ್ಲ, ಪಿಡಿಎಫ್ ಅಲ್ಲ, ಒಂದು ಆ್ಯಪ್. ನಿಜವಾದ ಕರೆಯೋಲೆ ನೋಡುವುದಕ್ಕೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಈ ಆ್ಯಪ್ ಒಳಗೆ ಬಂದ ಮೇಲೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಮುಗಿಯಿತು, ಬ್ಯಾಂಕಿನ ಒಟಿಪಿ ನಿಮ್ಮಪ್ಪ ನೋಡುವ ಮೊದಲೇ ಕಳ್ಳರ ಕೈ ಸೇರುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ನಾವು ಬ್ಯಾಂಕಿನವರು ವರ್ಷಗಟ್ಟಲೆ ಹೇಳಿದೆವು. ಇಲ್ಲಿ ಯಾರೂ ಕೇಳುವುದೇ ಇಲ್ಲ, ಸುಮ್ನೆ ಓದಿಕೊಳ್ಳುತ್ತಾರೆ. ಕೆಲವು ಆ್ಯಪ್‌ಗಳು ತಮ್ಮ ಐಕಾನ್ ಕೂಡ ಅಡಗಿಸಿಡುತ್ತವೆ. ಹಾಗಾಗಿ ಏನೂ ತೆರೆಯಲಿಲ್ಲ ಎಂದು ನೆಮ್ಮದಿಯಿಂದ ಇರಬೇಡಿ.

ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಎಲ್ಲ ನಿಲ್ಲಿಸಿ. ಒಂದು ರೂಪಾಯಿ ಹೋಗಿದ್ದರೂ ತಕ್ಷಣ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ. ಬೇಗ ತಿಳಿಸಿದರೆ ಮಧ್ಯದಲ್ಲೇ ತಡೆಯುವ ಅವಕಾಶ ಜಾಸ್ತಿ. ನಂತರ ಫೋಟೋಗಳನ್ನು ಮಾತ್ರ ತೆಗೆದಿಟ್ಟು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ, ಅಂದರೆ ಒಳಗಿರುವುದೆಲ್ಲ ಅಳಿಸಿ ಹೊಸ ಫೋನಿನಂತೆ ಮಾಡಿಸಿ. ವಾಟ್ಸಾಪ್ ಮತ್ತೆ ಹಾಕಿದಾಗ 'ಲಿಂಕ್ಡ್ ಡಿವೈಸಸ್' (ಅದೇ ವಾಟ್ಸಾಪ್ ತೆರೆದಿರುವ ಬೇರೆ ಸಾಧನಗಳ ಪಟ್ಟಿ) ನೋಡಿ, ಗೊತ್ತಿಲ್ಲದ್ದನ್ನು ತೆಗೆಯಿರಿ. ಬೇರೆಯವರು ಅಪ್ಪನ ನಂಬರಿನಲ್ಲಿ ವಾಟ್ಸಾಪ್ ತೆರೆಯದಂತೆ ಟೂ-ಸ್ಟೆಪ್ ಪಿನ್ ಇಡಿ.

ಇನ್ನು ಕೀಪ್ಯಾಡ್ ಫೋನಿನ ಮಾತು. ದಯವಿಟ್ಟು ಬೇಡ. ನಾನು ಕೌಂಟರಿನಲ್ಲಿದ್ದಾಗ ದುಡ್ಡು ಕಳೆದುಕೊಂಡು ಬಂದ ಹಿರಿಯರು ಮೊದಲು ಹೇಳುತ್ತಿದ್ದದ್ದೇ 'ಮಗನಿಗೆ ತಿಳಿಸಬೇಡಿ ತಾಯಿ' ಎಂದು. ಆ ಹೆದರಿಕೆಯಲ್ಲೇ ಹೊತ್ತು ಕಳೆದುಹೋಗುತ್ತಿತ್ತು. ನಿಮ್ಮಪ್ಪನೂ ಒಂದು ವಾರ ಸುಮ್ಮನಿದ್ದರು, ಅಲ್ವಾ? ಫೋನ್ ಕಿತ್ತುಕೊಂಡರೆ ಮುಂದಿನ ಸಲ ಹೇಳುವುದೇ ಇಲ್ಲ. ಅದರ ಬದಲು ಅವರ ಪಕ್ಕ ಕೂತು, ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್‌ಗೆ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅನುಮತಿ ಆಫ್ ಮಾಡಿ. ಪಿಂಚಣಿ ಬರುವ ಖಾತೆಗೆ ಯುಪಿಐ ಬೇಡ. ತರಕಾರಿ, ಔಷಧಿಗೆ ಬೇರೆ ಸಣ್ಣ ಖಾತೆ ಇರಲಿ, ಅದರಲ್ಲಿ ಎರಡು ಮೂರು ಸಾವಿರ ಸಾಕು.

ನೆಂಟರಿಗೆ ಇವತ್ತೇ ಫೋನ್ ಮಾಡಿ. ಮೆಸೇಜ್ ಹಾಕಬೇಡಿ, ಅಪ್ಪನ ನಂಬರಿನ ಮೆಸೇಜನ್ನು ಈಗ ಯಾರೂ ನಂಬಲಿಕ್ಕಿಲ್ಲ. ಆ ಫೈಲ್ ಒತ್ತಿದವರು ಯಾರಾದರೂ ಇದ್ದರೆ ಅವರೂ ಇಷ್ಟನ್ನೂ ಮಾಡಬೇಕು.