ವಕೀಲರಿಗೆ ಡೇಟ್ ಲೆಕ್ಕದಲ್ಲಿ ಫೀಸ್ ಕೊಡುವುದು ಒಳ್ಳೆಯದಾ, ಇಡೀ ಕೇಸಿಗೆ ಒಟ್ಟಿಗೆ ಮಾತಾಡಿಕೊಳ್ಳುವುದಾ?

ಎರಡೂ ಬೇಡ, ಹಂತ ಹಂತವಾಗಿ ಮಾತಾಡಿಕೊಳ್ಳಿ. ಡೇಟಿಗೆ ಇಷ್ಟು ಅಂತ ಒಪ್ಪಿಕೊಂಡರೆ ಕೇಸು ಎಳೆದಷ್ಟೂ ನಿಮ್ಮ ಜೇಬಿಗೇ ಕತ್ತರಿ. ಸಿವಿಲ್ ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ 3 ಸಲಕ್ಕಿಂತ ಜಾಸ್ತಿ ಮುಂದೂಡಿಕೆ ಕೊಡಬಾರದು ಅಂತ ಸಿಪಿಸಿಯಲ್ಲೇ (ಸಿವಿಲ್ ಕೇಸುಗಳು ಹೇಗೆ ನಡೆಯಬೇಕು ಅನ್ನುವ ಕಾನೂನು) ಇದ್ದರೂ ನಡೆಯುವುದೇ ಬೇರೆ, ಅಲ್ವಾ? ಇನ್ನು ಒಟ್ಟಿಗೆ ಕೊಟ್ಟುಬಿಟ್ಟರೆ ಆಮೇಲೆ ಫೋನ್ ಎತ್ತಿಸುವುದೇ ಕಷ್ಟ (ನನಗೆ ಆಗಿದೆ). ಅದಕ್ಕೇ ದಾವೆ ಹಾಕುವಾಗ ಒಂದಿಷ್ಟು, ಇಶ್ಯೂ ಫ್ರೇಮ್ ಆದಾಗ (ಯಾವ ಯಾವ ಅಂಶಕ್ಕೆ ತಕರಾರು ಅಂತ ಕೋರ್ಟ್ ಪಟ್ಟಿ ಮಾಡಿದಾಗ) ಒಂದಿಷ್ಟು, ಸಾಕ್ಷಿಗಳ ಪಾಟೀಸವಾಲು ಮುಗಿದ ಮೇಲೆ ಒಂದಿಷ್ಟು, ಉಳಿದದ್ದು ವಾದದ ಹೊತ್ತಿಗೆ. ಕೋರ್ಟ್ ಫೀ, ಟೈಪಿಂಗ್, ಜೆರಾಕ್ಸ್ ಇದರಲ್ಲೇ ಸೇರಿದೆಯಾ ಅಂತ ಮೊದಲೇ ಕೇಳಿ, ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಕೇಸು ಯಾವ ಹಂತದಲ್ಲಿದೆ ಅನ್ನುವುದನ್ನು ಇಕೋರ್ಟ್ಸ್ ಆಪ್‌ನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಪ್ರತ್ಯೇಕ ಗುರುತಿನ ನಂಬರ್) ಹಾಕಿ ನೀವೇ ನೋಡಬಹುದು. "ಗೆದ್ದರೆ ಇಷ್ಟು ಪರ್ಸೆಂಟ್" ಅನ್ನುವ ಒಪ್ಪಂದಕ್ಕೆ ಮಾತ್ರ ಹೋಗಬೇಡಿ, ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶವೇ ಇಲ್ಲ.