ಶಸ್ತ್ರಚಿಕಿತ್ಸೆಗೆ ಮುನ್ನ ಮಗುವಿಗೆ ಮಂಪರಿನ ಸಿರಪ್ ಏಕೆ ಕೊಡುತ್ತಾರೆ?

ನಿಮ್ಮ ನಾಲ್ಕು ವರ್ಷದ ಮಗನಿಗೆ ಟಾನ್ಸಿಲ್ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಹೇಗೂ ಅರಿವಳಿಕೆ ಕೊಡುವವರು ಅದಕ್ಕೂ ಮೊದಲೇ ಮಂಪರಿನ ಸಿರಪ್ ಏಕೆ ಕುಡಿಸುತ್ತಾರೆ, ಅದರಿಂದ ಅಪಾಯವಿಲ್ಲವೇ ಎಂದು ಕೇಳಿದ್ದೀರಿ. ನಾನು ಅರಿವಳಿಕೆ ವೈದ್ಯ. ಇದೇ ಪ್ರಶ್ನೆಯನ್ನು ನನ್ನ ಬಳಿ ಕೇಳುವ ತಂದೆತಾಯಿಗಳಿಗೆ ಹೇಳುವುದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ.

ಸಿರಪ್‌ನ ಕೆಲಸ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದಲ್ಲ. ಮಗುವನ್ನು ನಿಮ್ಮ ಕೈಯಿಂದ ಬಿಡಿಸಿಕೊಂಡು ಒಳಗೆ ಕರೆದೊಯ್ದು, ಮುಖಕ್ಕೆ ಅರಿವಳಿಕೆಯ ಮಾಸ್ಕ್ ಹಿಡಿಯುವ ಆ ಕೆಲವು ನಿಮಿಷಗಳಿಗಾಗಿ ಅದನ್ನು ಕೊಡುತ್ತೇವೆ. ಆರು ತಿಂಗಳೊಳಗಿನ ಕೂಸು ಸಾಮಾನ್ಯವಾಗಿ ಯಾರ ಕೈಗೆ ಕೊಟ್ಟರೂ ಹೋಗುತ್ತದೆ; ಎಂಟು ವರ್ಷದ ಮಗುವಿಗೆ ತಿಳಿಸಿ ಹೇಳಬಹುದು. ಇವೆರಡರ ನಡುವಿನ ವಯಸ್ಸಿನವರಿಗೆ ತಾಯಿ ಕಣ್ಮರೆಯಾದದ್ದು ಮಾತ್ರ ಗೊತ್ತಾಗುತ್ತದೆ, ಕಾರಣ ತಿಳಿಯುವುದಿಲ್ಲ. ತೀರಾ ಹೆದರಿ ಅತ್ತ ಮಕ್ಕಳಲ್ಲಿ ಕೆಲವರು ಮನೆಗೆ ಮರಳಿದ ಮೇಲೂ ಹಲವು ದಿನ ರಾತ್ರಿ ಬೆಚ್ಚಿ ಏಳುವುದು, ಹಾಸಿಗೆಯಲ್ಲಿ ಮೂತ್ರ ಮಾಡುವುದು ಉಂಟು.

ಹೆಚ್ಚಾಗಿ ಬಳಸುವ ಔಷಧ ಮಿಡಜೋಲಾಂ. ಬಾಯಿಯ ಮೂಲಕವಾದರೆ ಪ್ರತಿ ಕಿಲೋ ತೂಕಕ್ಕೆ ಸುಮಾರು 0.5 ಮಿಲಿಗ್ರಾಂ ಪ್ರಮಾಣದಲ್ಲಿ, ಒಂದು ಗರಿಷ್ಠ ಮಿತಿಯೊಳಗೆ, ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗುವ 20ರಿಂದ 30 ನಿಮಿಷ ಮೊದಲು ಕುಡಿಸುತ್ತೇವೆ. ಇದರಿಂದ ಮಗು ನಿದ್ದೆ ಹೋಗಲೇಬೇಕೆಂದಿಲ್ಲ; ಕಣ್ಣು ತೆರೆದುಕೊಂಡೇ ಸುಮ್ಮನೆ ನಗುತ್ತಿರುವ ಮಗುವನ್ನು ಕಂಡು ಔಷಧ ಹಿಡಿಯಲಿಲ್ಲವೆಂದು ಗಾಬರಿಯಾಗುವವರೇ ಹೆಚ್ಚು. ಬೇರ್ಪಟ್ಟ ಆ ಕ್ಷಣ ಅನೇಕ ಮಕ್ಕಳಿಗೆ ನೆನಪೇ ಉಳಿಯುವುದಿಲ್ಲ, ನನ್ನ ದೃಷ್ಟಿಯಲ್ಲಿ ಈ ಔಷಧದ ದೊಡ್ಡ ಉಪಕಾರವೇ ಅದು. ಕುಡಿದ ಮೇಲೆ ಕಾಲು ತಡವರಿಸುತ್ತದೆಯಾದ್ದರಿಂದ ನಡೆದಾಡಲು ಬಿಡದೆ ಮಡಿಲಲ್ಲೇ ಇರಿಸಿಕೊಳ್ಳಬೇಕು. ಅಪರೂಪಕ್ಕೆ ಕೆಲವು ಮಕ್ಕಳು ಶಾಂತವಾಗುವ ಬದಲು ರಚ್ಚೆ ಹಿಡಿಯುತ್ತಾರೆ.

ಅಪಾಯದ ಮಾತಿಗೆ ಬಂದರೆ, ನಿಮ್ಮ ಮಗನ ವಿಷಯದಲ್ಲಿ ನಾನು ಮೊದಲು ಕೇಳುವುದು ಅವನ ರಾತ್ರಿ ನಿದ್ದೆಯ ಬಗ್ಗೆ. ದೊಡ್ಡ ಟಾನ್ಸಿಲ್ ಇರುವ ಮಗು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ನಡುನಡುವೆ ಉಸಿರು ನಿಂತಂತಾಗಿ ಮತ್ತೆ ಎಳೆದುಕೊಳ್ಳುತ್ತಿದ್ದರೆ, ಮಂಪರಿನಲ್ಲಿ ಅದರ ಉಸಿರಿನ ದಾರಿ ಇನ್ನಷ್ಟು ಕಿರಿದಾಗಬಹುದು. ಅಂಥ ಮಗುವಿಗೆ ಪ್ರಮಾಣ ತಗ್ಗಿಸುತ್ತೇವೆ, ಇಲ್ಲವೇ ಸಿರಪ್ಪನ್ನೇ ಬಿಡುತ್ತೇವೆ. ಕೊಟ್ಟರೂ ಬೆರಳಿಗೆ ಆಮ್ಲಜನಕ ಅಳೆಯುವ ಉಪಕರಣ ಹಾಕಿ ಪಕ್ಕದಲ್ಲೇ ಒಬ್ಬರು ಕುಳಿತಿರುತ್ತಾರೆ. ಆದ್ದರಿಂದ ಯಾರೂ ಕೇಳದಿದ್ದರೂ ಗೊರಕೆಯ ವಿಷಯವನ್ನೂ ಈಚಿನ ನೆಗಡಿ, ಕೆಮ್ಮನ್ನೂ ನೀವಾಗಿಯೇ ಹೇಳಿ. ಮೂಗಿಗೆ ಹಾಕುವ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಇನ್ನೊಂದು ಔಷಧವಿದೆ. ಅದು ತರುವ ನಿದ್ದೆ ಸಹಜ ನಿದ್ದೆಯನ್ನು ಹೋಲುತ್ತದೆ, ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಆದರೆ ನಾಡಿಬಡಿತ ನಿಧಾನವಾಗುತ್ತದೆ, ಪರಿಣಾಮಕ್ಕೆ 30ರಿಂದ 45 ನಿಮಿಷ ಕಾಯಬೇಕು.

ಎಲ್ಲ ಮಕ್ಕಳಿಗೂ ಮಂಪರಿನ ಔಷಧ ಬೇಕೆಂದು ನಾನು ಒಪ್ಪುವುದಿಲ್ಲ. ಮೊಬೈಲಿನಲ್ಲಿ ಇಷ್ಟದ ಕಾರ್ಟೂನ್ ನೋಡುತ್ತಲೇ ಮಾಸ್ಕ್ ಹಾಕಿಸಿಕೊಂಡ ಮಕ್ಕಳನ್ನು ಕಂಡಿದ್ದೇನೆ. ಕೆಲವೆಡೆ ತಂದೆಯನ್ನೋ ತಾಯಿಯನ್ನೋ ಒಳಗೆ ಬಿಡುತ್ತಾರೆ, ಆದರೆ ಬರುವವರೇ ಅಳುತ್ತಿದ್ದರೆ ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು ವಿಷಯ. ಮಿಡಜೋಲಾಂ ಬಲು ಕಹಿ. ಮಗ ಅದನ್ನು ಉಗುಳಿದರೆ ಮತ್ತಷ್ಟು ಕುಡಿಸಲು ನೀವಾಗಿ ಮುಂದಾಗಬೇಡಿ. ಎಷ್ಟು ಒಳಗೆ ಹೋಯಿತೆಂದು ಯಾರಿಗೂ ತಿಳಿಯದು. ಹತ್ತಿರವಿರುವ ದಾದಿಗೆ ಕೂಡಲೇ ಹೇಳಿ.