‘ಡಾಕ್ಟರ್ ಬರೆದಿದ್ದಾರೆ, ಕೊಡಿ’

ಪ್ರಶ್ನೆ: ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ಬಿ.ಎಸ್ಸಿ. ನರ್ಸಿಂಗ್ ಓದುವಾಗ ಅಮೆರಿಕದ ಮನೋವಿಜ್ಞಾನಿ ಕೋಲ್‌ಬರ್ಗ್ ಹೇಳಿದ ನೈತಿಕ ಬೆಳವಣಿಗೆಯ ಆರು ಹಂತಗಳನ್ನು ಬಾಯಿಪಾಠ ಮಾಡಿದ್ದೆ. ಆದರೆ ವಾರ್ಡಿನಲ್ಲಿ ಡೋಸ್ ಬಗ್ಗೆ ನನಗೆ ಅನುಮಾನ ಬಂದಾಗ, ಇಪ್ಪತ್ತು ವರ್ಷ ಸೇವೆ ಮಾಡಿದ ಸಿಸ್ಟರ್ ‘ಡಾಕ್ಟರ್ ಬರೆದಿದ್ದಾರೆ, ಕೊಡಿ’ ಎಂದುಬಿಡುತ್ತಾರೆ. ಅನುಭವ ಹೆಚ್ಚಿದಂತೆ ವಿವೇಚನೆ ಮಾಗಬೇಕಲ್ಲವೇ?
— ಹೆಸರು ಬೇಡವೆಂದಿರುವ ಓದುಗರು

ಉತ್ತರ: ಮಾಗಬೇಕು, ಮಾಗುವುದೂ ಉಂಟು, ಆದರೆ ಅದು ಸೇವಾ ಪುಸ್ತಕದಲ್ಲಿ ವರ್ಷ ಕೂಡಿದಂತೆ ತಾನಾಗಿ ಸಿಗುವ ಬಡ್ತಿಯಲ್ಲ. ಕೋಲ್‌ಬರ್ಗ್ ತಮ್ಮ ಮೊದಲ ಅಧ್ಯಯನದಲ್ಲಿ ಮಾತನಾಡಿಸಿದ್ದು ಹುಡುಗರನ್ನು ಮಾತ್ರ, ಅದೂ ಕಟ್ಟುಕಥೆಗಳನ್ನು ಮುಂದಿಟ್ಟು. ಆರೈಕೆಯ ಹೊಣೆಯನ್ನೇ ಮುಂದಿಟ್ಟು ಯೋಚಿಸುವವರನ್ನು ಈ ಅಳತೆಗೋಲು ಕೆಳಗಿನ ಹಂತಕ್ಕೆ ತಳ್ಳುತ್ತದೆ ಎಂದು ಮನೋವಿಜ್ಞಾನಿ ಕ್ಯಾರಲ್ ಗಿಲ್ಲಿಗನ್ 1982ರಲ್ಲಿ ಆಕ್ಷೇಪಿಸಿದರು. ಆದ್ದರಿಂದ ನಿಮ್ಮ ಸಿಸ್ಟರನ್ನು, ನಿಯಮ ಮತ್ತು ಅಧಿಕಾರಕ್ಕೆ ತಲೆಬಾಗುವುದೇ ಸರಿ ಎಂದುಕೊಳ್ಳುವ ನಾಲ್ಕನೆಯ ಹಂತಕ್ಕೆ ಕಟ್ಟಿಹಾಕುವ ಮುನ್ನ ತುಸು ತಾಳಿ.

ಅಮೆರಿಕದಲ್ಲಿ ಮನೋವೈದ್ಯ ಹಾಫ್ಲಿಂಗ್ ಮತ್ತು ಸಂಗಡಿಗರು ನಡೆಸಿ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು. ವಾರ್ಡಿನಲ್ಲಿ ಒಬ್ಬರೇ ಡ್ಯೂಟಿಯಲ್ಲಿದ್ದ ನರ್ಸ್‌ಗೆ, ಅವರು ಎಂದೂ ಕಂಡಿರದ ‘ಡಾಕ್ಟರ್’ ಒಬ್ಬರು ಫೋನ್ ಮಾಡಿ, ಔಷಧದ ಕಪಾಟಿನಲ್ಲಿರುವ ಮಾತ್ರೆಯನ್ನು ಇಂಥ ರೋಗಿಗೆ 20 ಮಿಲಿಗ್ರಾಂ ಕೊಡಿ, ಸಹಿ ಆಮೇಲೆ ಬಂದು ಹಾಕುತ್ತೇನೆ ಎನ್ನುತ್ತಿದ್ದರು. ಡಬ್ಬಿಯ ಮೇಲೆ ದಿನಕ್ಕೆ 10 ಮಿಲಿಗ್ರಾಂ ಮೀರಬಾರದೆಂದು ಸ್ಪಷ್ಟವಾಗಿ ಬರೆದಿತ್ತು. 22 ಮಂದಿಯಲ್ಲಿ 21 ಮಂದಿ ಕೊಡಲು ಹೊರಟೇಬಿಟ್ಟರು. ಪ್ರಯೋಗ ನಡೆಸುವವರು ದಾರಿಯಲ್ಲೇ ತಡೆದರು (ಮಾತ್ರೆ ನಿರಪಾಯಕಾರಿಯಾದದ್ದು, ಗಾಬರಿ ಬೇಡ). ಇದೇ ಸನ್ನಿವೇಶವನ್ನು ಬಾಯಿಮಾತಿನಲ್ಲಿ ವಿವರಿಸಿ ಕೇಳಿದಾಗ ಮಾತ್ರ ಬೇರೆ 12 ನರ್ಸ್‌ಗಳಲ್ಲಿ 10 ಮಂದಿ ‘ಕೊಡುವುದಿಲ್ಲ’ ಎಂದಿದ್ದರು. ಪರೀಕ್ಷೆಯಲ್ಲಿ ಸರಿಯಾಗಿ ಬರೆಯುವುದಕ್ಕೂ ಫೋನ್ ಹಿಡಿದು ನಿಂತಿರುವಾಗ ‘ಇಲ್ಲ ಸರ್’ ಎನ್ನುವುದಕ್ಕೂ ಇಷ್ಟು ದೂರ.

1977ರಲ್ಲಿ ರ‍್ಯಾಂಕ್ ಮತ್ತು ಜೇಕಬ್ಸನ್ ಸನ್ನಿವೇಶವನ್ನು ಬದಲಿಸಿದರು: ಔಷಧ ನರ್ಸ್‌ಗಳಿಗೆ ಪರಿಚಿತವಾದದ್ದು, ಪಕ್ಕದಲ್ಲಿದ್ದವರನ್ನು ಕೇಳುವ ಅವಕಾಶವೂ ಇತ್ತು. ಆಗ 18ರಲ್ಲಿ 16 ಮಂದಿ ಕೊಡಲಿಲ್ಲ. ನನ್ನ ತಿಳಿವಳಿಕೆಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಔಷಧದ ಅರಿವು ಮತ್ತು ‘ಇದು ಸರಿಯೇ ನೋಡಿ’ ಎಂದು ಕೇಳಬಹುದಾದ ಇನ್ನೊಬ್ಬರು ಇದ್ದಲ್ಲಿ ನೈತಿಕ ವಿವೇಚನೆಗೆ ಕೈಕಾಲು ಬರುತ್ತದೆ. ನಿಮ್ಮ ಹಿರಿಯ ಸಿಸ್ಟರ್ ಹಿಂದೊಮ್ಮೆ ಕೇಳಿ, ರೌಂಡ್ಸ್‌ನಲ್ಲಿ ಎಲ್ಲರೆದುರು ಬೈಸಿಕೊಂಡು, ಆಮೇಲೆ ಕೇಳುವುದನ್ನು ಬಿಟ್ಟಿರಬಹುದು. ಸರಿಯಾದದ್ದು ಯಾವುದೆಂದು ಗೊತ್ತಿದ್ದೂ ವ್ಯವಸ್ಥೆ ಅಡ್ಡ ಬಂದು ಮಾಡಲಾಗದ ಸಂಕಟಕ್ಕೆ ತತ್ವಶಾಸ್ತ್ರಜ್ಞ ಆಂಡ್ರೂ ಜೇಮ್ಟನ್ 1984ರಲ್ಲಿ ‘ನೈತಿಕ ಯಾತನೆ’ ಎಂದು ಹೆಸರಿಟ್ಟರು. ವರ್ಷಗಟ್ಟಲೆ ಅದನ್ನುಂಡವರು ಮೌನವನ್ನೇ ಅನುಭವವೆಂದು ಕಿರಿಯರಿಗೆ ದಾಟಿಸುವುದು ಅಚ್ಚರಿಯಲ್ಲ.

ಮುಂದಿನ ಬಾರಿ ಅನುಮಾನ ಬಂದಾಗ ಔಷಧವನ್ನು ಸಿರಿಂಜಿಗೆ ಎಳೆಯುವ ಮೊದಲೇ ಬರೆದ ವೈದ್ಯರಿಗೆ ಫೋನ್ ಮಾಡಿ. ‘ತಪ್ಪಾಗಿದೆ’ ಎನ್ನದೆ, ರೋಗಿಯ ತೂಕ, ಬರೆದ ಡೋಸ್, ಲೇಬಲ್ಲಿನ ಗರಿಷ್ಠ ಮಿತಿ, ಈ ಮೂರನ್ನು ಓದಿ ಹೇಳಿ, ಅವರ ಉತ್ತರವನ್ನು ಸಮಯದ ಸಮೇತ ಕೇಸ್ ಶೀಟಿನಲ್ಲಿ ಬರೆಯಿರಿ. ಸಾಧ್ಯವಾದರೆ ಆ ಕರೆಯನ್ನು ನಿಮ್ಮ ಸಿಸ್ಟರ್ ಪಕ್ಕದಲ್ಲಿರುವಾಗಲೇ ಮಾಡಿ.